ಹೊಳೆ ಹೇಳದೆ ಬರುವುದಿಲ್ಲ

ಮಲೆನಾಡಿನ ಯಾವುದಾದರೊಂದು ಊರು ಹೊಳೆಯ ಪಾಲಾದ ಮರುದಿನ ಪತ್ರಿಕೆಗಳ ವರದಿಯಲ್ಲಿ, ಅಧಿಕಾರಿಗಳ ಟಿಪ್ಪಣಿಯಲ್ಲಿ, ಜನಪ್ರತಿನಿಧಿಗಳ ಸಾಂತ್ವನದ ಮಾತಿನಲ್ಲಿ ಒಂದು ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ. ಆ ಪದ 'ಇದ್ದಕ್ಕಿದ್ದಂತೆ'. ಇದ್ದಕ್ಕಿದ್ದಂತೆ ನೀರು ನುಗ್ಗಿತು, ಇದ್ದಕ್ಕಿದ್ದಂತೆ ಗುಡ್ಡ ಜರಿಯಿತು, ಇದ್ದಕ್ಕಿದ್ದಂತೆ ಮನೆಗಳು ಮಾಯವಾದವು. ದಿಢೀರ್ ಪ್ರವಾಹ ಎಂಬ ಹೆಸರಿನಲ್ಲಿಯೇ ಈ ಭಾವನೆ ಅಡಗಿದೆ. ಈ ಪದವನ್ನು ಪ್ರಶ್ನಿಸದೆ ಒಪ್ಪಿಕೊಂಡರೆ, ಸತ್ತವರ ಸಾವಿಗೆ ಯಾರೂ ಹೊಣೆಯಲ್ಲ ಎಂಬುದನ್ನೂ ಒಪ್ಪಿಕೊಂಡಂತೆ ಆಗುತ್ತದೆ. ಆದ್ದರಿಂದ ಈ ಪದದ ಸತ್ಯಾಸತ್ಯತೆಯನ್ನು ಪರಿಶೀಲಿಸುವುದು ಅಗತ್ಯವಾಗಿದೆ.

2018ರ ಆಗಸ್ಟ್ ಮಧ್ಯಭಾಗದಲ್ಲಿ ನಮ್ಮ ಮಡಿಕೇರಿ ತಾಲ್ಲೂಕು ಕಂಡ ದುರಂತವನ್ನೇ ತೆಗೆದುಕೊಳ್ಳೋಣ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲ ಮುಂತಾದ ಹೆಸರುಗಳು ನಾಡಿಗೆಲ್ಲ ಪರಿಚಯವಾದದ್ದು ಆ ವಾರದಲ್ಲಿ. ಜೋಡುಪಾಲದಲ್ಲಿ ಗುಡ್ಡದಿಂದ ಇಳಿದ ನೀರು, ಮಣ್ಣು, ಬುಡಸಹಿತ ಕಿತ್ತ ಮರಗಳು ಒಂದಾಗಿ ತೋಡಿನ ಅಂಚಿನ ಮನೆಗಳನ್ನು ಎಳೆದುಕೊಂಡು ಹೋದವು. ಜಿಲ್ಲೆಯಲ್ಲಿ ಸುಮಾರು 20 ಜನ ಜೀವ ಕಳೆದುಕೊಂಡರು; ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ದಿನಗಳೆದರು. ಮಡಿಕೇರಿ-ಮಂಗಳೂರು ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. ಜನರ ಬಾಯಲ್ಲಿ ಅದು 'ಜಲಸ್ಫೋಟ'ವಾಯಿತು.

ಆದರೆ ಅದು ಒಂದು ರಾತ್ರಿಯ ಕಥೆಯಲ್ಲ. ಜೂನ್ ತಿಂಗಳಿನಿಂದಲೇ ಮಣ್ಣು ಎಡೆಬಿಡದೆ ನೀರು ಕುಡಿಯುತ್ತಿತ್ತು. ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ಗುಡ್ಡಗಳಲ್ಲಿ ಹೊಸ ಹೊಸ ಕಡೆ ಜಲ ಒಡೆಯತೊಡಗಿತ್ತು. ಆಶ್ಲೇಷ ಮಳೆ ಮುಗಿದು ಮಘೆ ಹುಟ್ಟುವ ಸಮಯದಲ್ಲಿ ಸುರಿದ ಭಾರಿ ಮಳೆ, ಆಗಲೇ ತುಂಬಿದ್ದ ಕೊಡಕ್ಕೆ ಮತ್ತೆ ಸುರಿದ ನೀರಿನಂತಿತ್ತು.

ಮಣ್ಣನ್ನು ಅಭ್ಯಸಿಸುತ್ತ ಬಂದ ಕೃಷಿ ವಿಜ್ಞಾನಿಯಾಗಿ ಈ ಕ್ರಿಯೆಯನ್ನು ಸ್ವಲ್ಪ ವಿವರಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಮಣ್ಣಿನ ಕಣಗಳ ನಡುವೆ ಸೂಕ್ಷ್ಮ ರಂಧ್ರಗಳಿವೆ. ಮಳೆಗಾಲದ ಆರಂಭದಲ್ಲಿ ಅವುಗಳಲ್ಲಿ ಗಾಳಿ ಇರುತ್ತದೆ. ಬಿದ್ದ ನೀರು ಇಂಗುತ್ತದೆ. ರಂಧ್ರಗಳೆಲ್ಲ ತುಂಬಿದ ಮೇಲೆ ಎರಡು ಪರಿಣಾಮಗಳಾಗುತ್ತವೆ. ಮೊದಲನೆಯದಾಗಿ, ಇನ್ನು ಬೀಳುವ ನೀರೆಲ್ಲ ಮೇಲ್ಮೈಯಲ್ಲಿ ಹರಿದು ನೇರವಾಗಿ ತೋಡಿಗೆ ಬರುತ್ತದೆ. ಎರಡನೆಯದಾಗಿ, ಒಳಗೆ ಸಿಕ್ಕಿಬಿದ್ದ ನೀರು ಕಣಗಳನ್ನು ಪರಸ್ಪರ ದೂರ ತಳ್ಳುತ್ತದೆ. ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಕೆಳಗೆ ನುಣುಪಾದ ಜೇಡಿಯ ಪದರವೋ ಬಂಡೆಯೋ ಇದ್ದರೆ, ಮೇಲಿನ ಪದರ ಮರಗಿಡಗಳ ಸಮೇತ ಜಾರುತ್ತದೆ. ಹೀಗೆ ಜಾರಿದ ಮಣ್ಣು ತೋಡಿಗೆ ಅಡ್ಡಬಿದ್ದು ಕಟ್ಟೆಯಾಗಿ ನಿಂತು, ಬಳಿಕ ಒಡೆದರೆ, ಕೆಳಗಿನ ಊರಿಗೆ ಬರುವುದು ಕೇವಲ ನೀರಲ್ಲ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟು ಹೆಚ್ಚುತ್ತದೆ ಎಂಬುದು ಜಲಶಾಸ್ತ್ರದ ಹಳೆಯ ನಿಯಮ. ನಿನ್ನೆಯವರೆಗೆ ಮಕ್ಕಳು ದಾಟುತ್ತಿದ್ದ ತೋಡು ಇಂದು ಆನೆಗಾತ್ರದ ಬಂಡೆಯನ್ನು ಹೊತ್ತು ತರುವುದು ಈ ಕಾರಣದಿಂದ.

ಈ ಕ್ರಿಯೆಯ ಯಾವ ಹಂತವೂ ಕ್ಷಣಮಾತ್ರದ್ದಲ್ಲ. ಮಣ್ಣು ತುಂಬಲು ವಾರಗಳು ಬೇಕು; ಕೊನೆಯ ಭಾರಿ ಮಳೆಗೆ ಗಂಟೆಗಳಾದರೂ ಬೇಕು. ಮಳೆ ಸುರಿದ ಆರು ಗಂಟೆಯೊಳಗೆ ಏರುವ ನೆರೆಯನ್ನು ಹವಾಮಾನ ತಜ್ಞರು ದಿಢೀರ್ ಪ್ರವಾಹವೆನ್ನುತ್ತಾರೆ. ಆರು ಗಂಟೆಯೆಂಬುದು ಒಂದು ಊರು ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ದಿಣ್ಣೆ ಏರಲು ಸಾಕಾಗುವಷ್ಟು ಸಮಯ. ಮೇಲೆ ಏನು ಸುರಿಯುತ್ತಿದೆ ಎಂಬುದು ಕೆಳಗಿನವರಿಗೆ ತಿಳಿದಿರಬೇಕು, ಅಷ್ಟೆ.

ಈ ಲೆಕ್ಕ ನಮ್ಮಲ್ಲಿ ಇಲ್ಲವೇ? ಖಂಡಿತ ಇದೆ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ, ಸಕಲೇಶಪುರದಲ್ಲಿ ಕಾಫಿ ಬೆಳೆಗಾರರ ಮನೆಯಂಗಳದಲ್ಲಿ ಮಳೆಮಾಪಕವಿಲ್ಲದ ತೋಟ ಅಪರೂಪ. ಎಷ್ಟು ಇಂಚು, ಎಷ್ಟು ಸೆಂಟ್ ಬಂತೆಂದು ಪ್ರತಿ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಅಜ್ಜಂದಿರ ಕಾಲದಿಂದ ನಡೆದು ಬಂದಿದೆ. ಮಾರ್ಚಿಯ ಹೂಮಳೆ ಎಂಬತ್ತು ಸೆಂಟ್ ಬಂತೋ ಒಂದು ಇಂಚು ಬಂತೋ ಎಂಬುದನ್ನು ನೆಂಟರಿಷ್ಟರಿಗೆಲ್ಲ ಫೋನಾಯಿಸಿ ತಿಳಿಸುವವರು ನಾವು. ಆದರೆ ಆಗಸ್ಟಿನ ಎಂಟು ಇಂಚು ಮಳೆಯ ಸುದ್ದಿಯನ್ನು ತೋಡಿನ ಕೆಳಭಾಗದಲ್ಲಿ ವಾಸಿಸುವವನಿಗೆ ತಿಳಿಸಬೇಕೆಂಬ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಬೆಳೆಗಾಗಿ ಅಳೆದ ಮಳೆಯನ್ನು ಜೀವಕ್ಕಾಗಿ ಬಳಸಲಿಲ್ಲ ಎಂಬುದೇ ನನ್ನ ಈ ಲೇಖನದ ಮುಖ್ಯ ಆಕ್ಷೇಪ.

ಎಂಟು ಇಂಚೆಂದರೆ ಎಷ್ಟು? ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗಿಂತ ತುಸು ಹೆಚ್ಚು ನೀರು. ಒಂದು ಸಣ್ಣ ತೋಡಿಗೆ ಇಳಿಯುವ 500 ಎಕರೆ ಗುಡ್ಡದ ಮೇಲೆ ಎಂಟು ಇಂಚು ಸುರಿದರೆ ಅದು 41 ಕೋಟಿ ಲೀಟರು! ಮಣ್ಣು ಆಗಲೇ ತುಂಬಿದ್ದರೆ ಇದರ ಬಹುಪಾಲು ಒಂದೇ ರಾತ್ರಿಯಲ್ಲಿ ನಾಲ್ಕಡಿ ಅಗಲದ ಮೋರಿಯ ಬಾಯಿಗೆ ಬರುತ್ತದೆ.

ಮಳೆಯ ಲೆಕ್ಕದಿಂದ ಜೀವ ಉಳಿಯುವುದೇ ಎಂಬ ಸಂದೇಹಕ್ಕೆ ನಮ್ಮ ನೆರೆಯ ವಯನಾಡು ಎರಡು ಉತ್ತರಗಳನ್ನು ನೀಡಿದೆ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಅಲ್ಲಿನ ಕೃಷಿಕರ ನೆರವಿನಿಂದ ಜಿಲ್ಲೆಯಾದ್ಯಂತ ಸುಮಾರು 200 ಮಳೆಮಾಪಕಗಳ ಜಾಲವನ್ನು ರೂಪಿಸಿದೆ. 2020ರಲ್ಲಿ ಈ ಸಂಸ್ಥೆಯ ಮುನ್ನೆಚ್ಚರಿಕೆಯ ಮೇರೆಗೆ ಮುಂಡಕೈಯ ಜನರನ್ನು ಸ್ಥಳಾಂತರಿಸಲಾಯಿತು. ಗುಡ್ಡ ಕುಸಿಯಿತು, ಜೀವಹಾನಿ ಆಗಲಿಲ್ಲ. 2024ರ ಜುಲೈ 28ರಂದು ಸಮೀಪದ ಪುತ್ತುಮಲದ ಮಾಪಕದಲ್ಲಿ 200 ಮಿ.ಮೀ. ಮಳೆ ದಾಖಲಾಯಿತು. ಮರುದಿನ ಬೆಳಿಗ್ಗೆ ಸಂಸ್ಥೆ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕಳುಹಿಸಿತು. ಅನಂತರದ 24 ಗಂಟೆಗಳಲ್ಲಿ ಇನ್ನೂ 372 ಮಿ.ಮೀ. ಸುರಿಯಿತು. ಎಚ್ಚರಿಕೆ ಹೋಗಿ ಸುಮಾರು 16 ಗಂಟೆಗಳ ಬಳಿಕ, ಜುಲೈ 30ರ ನಡುರಾತ್ರಿ ಕಳೆದ ಮೇಲೆ, ಸುಮಾರು 1,550 ಮೀಟರ್ ಎತ್ತರದಲ್ಲಿ ಬಿರಿದ ಗುಡ್ಡ ಹೊಳೆಯ ಪಾತ್ರದಲ್ಲಿ ಎಂಟು ಕಿಲೋಮೀಟರಿನಷ್ಟು ದೂರ ಹರಿದು ಮುಂಡಕೈಯನ್ನೂ ಚೂರಲ್‌ಮಲೆಯನ್ನೂ ಅಳಿಸಿಹಾಕಿತು. ಸತ್ತವರು 250ಕ್ಕೂ ಹೆಚ್ಚು. ಅನೇಕರ ದೇಹಗಳು ಚಾಲಿಯಾರ್ ನದಿಯಲ್ಲಿ ನಿಲಂಬೂರಿನವರೆಗೆ ತೇಲಿಹೋಗಿ ಸಿಕ್ಕವು. ಅದೇ ಊರು, ಅದೇ ಬಗೆಯ ಎಚ್ಚರಿಕೆ. 2020ರಲ್ಲಿ ಅಂಕಿಯನ್ನು ನಂಬಿ ಊರನ್ನು ತೆರವುಗೊಳಿಸಲಾಗಿತ್ತು; 2024ರಲ್ಲಿ ಊರು ಪೂರ್ಣವಾಗಿ ತೆರವಾಗಿರಲಿಲ್ಲ.

ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿರುವುದು ಶ್ಲಾಘನೀಯ. ಬಯಲುಸೀಮೆಗೆ ಅದು ಸಾಕಾಗಬಹುದು. ಆದರೆ ಘಟ್ಟದಲ್ಲಿ ಮಳೆ ಎತ್ತರಕ್ಕೆ ತಕ್ಕಂತೆ, ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯುಂಟೇ? ಒಂದೇ ಪಂಚಾಯಿತಿಯೊಳಗೆ ರಸ್ತೆಬದಿಯ ಕಚೇರಿಯ ಆವರಣದಲ್ಲಿ ಮೂರು ಇಂಚು, ಅದರ ತಲೆಯ ಮೇಲಿನ ಬೆಟ್ಟದಲ್ಲಿ ಏಳು ಇಂಚು ಬೀಳುವುದು ನಮಗೆ ಹೊಸತಲ್ಲ. ಮನುಷ್ಯರನ್ನು ಕೊಲ್ಲುವುದು ಆ ಬೆಟ್ಟದ ಏಳು ಇಂಚು. ಮೇಲಾಗಿ, ತೋಟದವರು ಮಳೆ ನೋಡುವುದು ದಿನಕ್ಕೊಮ್ಮೆ, ಬೆಳಿಗ್ಗೆ. ಕಾಫಿಗೆ ಅಷ್ಟು ಸಾಕು, ಹೊಳೆಗೆ ಸಾಲದು.

ಇನ್ನೊಂದು ಕಹಿಸತ್ಯವನ್ನು ಹೇಳದೆ ಇರಲಾಗದು. ಮಾಪಕವಿರುವ ಬಂಗಲೆ ಸಾಮಾನ್ಯವಾಗಿ ದಿಣ್ಣೆಯ ಮೇಲಿರುತ್ತದೆ. ಲೈನ್ ಮನೆಗಳು ನೀರಿಗೆ ಅನುಕೂಲವೆಂದು ತೋಡಿನ ಬದಿಗೆ ಇರುತ್ತವೆ. ಜಾಗವಿಲ್ಲದವರು ಪೈಸಾರಿಯ ಕಡಿದಾದ ಇಳುಕಲಿನಲ್ಲಿ ಬರೆ ಕಡಿದು ಗುಡಿಸಲು ಕಟ್ಟುತ್ತಾರೆ. ಇಂದು ಆ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರಿದ್ದಾರೆ. ಕನ್ನಡದಲ್ಲಿ ಬರುವ ಎಚ್ಚರಿಕೆಯ ಸಂದೇಶ ಅವರಿಗೆ ಅರ್ಥವಾಗದು. ಮುಂಡಕೈಯಲ್ಲಿಯೂ ಸತ್ತವರಲ್ಲಿ ತೋಟದ ಕೂಲಿಕಾರರು, ನಮ್ಮ ರಾಜ್ಯದಿಂದ ದುಡಿಮೆಗೆಂದು ಹೋದವರೂ ಇದ್ದರು. ಅಂಕಿ ಗೊತ್ತಿದ್ದವನಿಗೆ ಅಪಾಯವಿಲ್ಲ, ಅಪಾಯದಲ್ಲಿರುವವನಿಗೆ ಅಂಕಿ ಗೊತ್ತಿಲ್ಲ ಎಂಬ ಸ್ಥಿತಿ ಮುಂದುವರಿಯಬೇಕೇ?

ಕೇವಲ ಮಳೆ ಅಳೆದರೆ ಗುಡ್ಡ ನಿಲ್ಲುವುದೇ ಎಂದು ಮಿತ್ರರು ಕೇಳುವುದುಂಟು. ನಿಲ್ಲುವುದಿಲ್ಲ. ರಸ್ತೆಗಾಗಿ, ರೆಸಾರ್ಟಿಗಾಗಿ, ಹೋಂಸ್ಟೇಗಾಗಿ ಗುಡ್ಡದ ಪಾದವನ್ನು ಲಂಬವಾಗಿ ಕಡಿಯುವುದು ನಿಲ್ಲಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಗಂಗಾವಳಿ ನದಿಗೆ ಕುಸಿದಾಗ, ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಬಡಿಯಿತು. ನದಿಯ ಆಚೆಗಿನವರಿಗೂ ರಕ್ಷಣೆಯಿರಲಿಲ್ಲ. ಕಣಿವೆಯ ಗದ್ದೆಗಳನ್ನು ಮುಚ್ಚಿ ನಿವೇಶನ ಮಾಡುವುದೂ ನಿಲ್ಲಬೇಕು. ನಾಲ್ಕು ಇಂಚು ನೀರು ನಿಲ್ಲಿಸುವ ಬದುವುಳ್ಳ ಒಂದು ಎಕರೆ ಗದ್ದೆ ನಾಲ್ಕು ಲಕ್ಷ ಲೀಟರ್ ನೀರನ್ನು ಹಿಡಿದಿಡುತ್ತದೆ. 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ತನ್ನ ವರದಿಯನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂದು ಹೇಳಿತ್ತು. ಹಾಗೆ ಆಗಲಿಲ್ಲ. ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಕರಡು ಅಧಿಸೂಚನೆಗಳು ಒಂದರ ಮೇಲೊಂದು ಬಂದವು. ಆರನೆಯದು ಹೊರಬಿದ್ದದ್ದು ಮುಂಡಕೈ ಅಳಿದ ಮರುದಿನ. ಈ ಪರವಿರೋಧಗಳ ಗದ್ದಲ ಮುಗಿಯುವವರೆಗೆ ತೋಡಿನ ಬದಿಯಲ್ಲಿರುವವರು ಕಾಯಲಾರರು. ಆದ್ದರಿಂದ ನಾವೇ ಮಾಡಬಹುದಾದ, ಯಾರ ಅನುಮತಿಯೂ ಬೇಡದ ಕೆಲಸವನ್ನು ಮೊದಲು ಹೇಳುತ್ತಿದ್ದೇನೆ.

ಒಂದು: ಪ್ರತಿಯೊಂದು ತೋಡಿನ ನೆತ್ತಿಯಲ್ಲಿರುವ ಕೊನೆಯ ಮನೆಯಲ್ಲಿ ಒಂದು ಮಳೆಮಾಪಕ ಇರಲಿ. ಕೊಳ್ಳಲಾಗದಿದ್ದರೆ ಬಾಯಿ ಬುಡ ಒಂದೇ ಅಗಲವಿರುವ ನೇರ ಗೋಡೆಯ ಪಾತ್ರೆ ಮತ್ತು ಒಂದು ಅಡಿಕೋಲು ಸಾಕು; ನಿಂತ ನೀರಿನ ಆಳವೇ ಮಳೆಯ ಅಳತೆ. ಮರದ ನೆರಳಿಲ್ಲದ, ಸೂರಿನ ನೀರು ಬೀಳದ ಜಾಗದಲ್ಲಿ ಇಡಬೇಕು.

ಎರಡು: ಹವಾಮಾನ ಇಲಾಖೆ 24 ಗಂಟೆಗಳಲ್ಲಿ 115.6 ಮಿ.ಮೀ. ಆದರೆ ಅತಿ ಭಾರಿ, 204.4 ಮಿ.ಮೀ. ದಾಟಿದರೆ ವಿಪರೀತ ಭಾರಿ ಮಳೆಯೆನ್ನುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಇಂಚು ಮತ್ತು ಎಂಟು ಇಂಚು. ನಾಲ್ಕೂವರೆ ದಾಟಿದ ದಿನ ರಾತ್ರಿಯಲ್ಲಿಯೂ ಮೂರು ಗಂಟೆಗೊಮ್ಮೆ ನೋಡಿ ಕೆಳಗಿನವರಿಗೆ ತಿಳಿಸಬೇಕು. ಆದರೆ ಇವು ಮಳೆಯ ವರ್ಗಗಳು. ಯಾವ ಗುಡ್ಡ ಯಾವ ಅಂಕಿಗೆ ಜರಿಯುತ್ತದೆ ಎಂಬುದನ್ನು ಆಯಾ ಊರಿನ ಹಳೆಯ ಪುಸ್ತಕಗಳಿಂದಲೇ ಕಂಡುಕೊಳ್ಳಬೇಕು. ಇಲ್ಲಿ ಕಾಲೇಜಿನ ವಿದ್ಯಾರ್ಥಿಗಳಿಗೆ ಕೆಲಸವಿದೆ. ತೋಟದ ಮನೆಗಳಿಗೆ ಹೋಗಿ ಮಳೆಯ ಪುಸ್ತಕಗಳನ್ನು ನಕಲು ಮಾಡಿ, ಹಿಂದೆ ಬರೆ ಕುಸಿದ ದಿನಾಂಕಗಳೊಂದಿಗೆ ಹೋಲಿಸಿ. ನಿಮ್ಮ ಊರಿನ ಅಪಾಯದ ಅಂಕಿ ಅಲ್ಲಿ ಸಿಗುತ್ತದೆ.

ಮೂರು: ತೋಡನ್ನೂ ಓದಬೇಕು. ಜಡಿಮಳೆಯ ನಡುವೆ ನೀರು ಹಠಾತ್ತಾಗಿ ಕಡಿಮೆಯಾದರೆ ಮೇಲೆ ಎಲ್ಲೋ ಕಟ್ಟೆ ಬಿದ್ದಿದೆ ಎಂದು ತಿಳಿಯಬೇಕು. ನೀರು ಕೆಂಪಾಗಿ ಮಣ್ಣುವಾಸನೆ ಬಂದರೆ, ಒಣನೆಲದಲ್ಲಿ ಜಲ ಒಡೆದರೆ, ಅಂಗಳದಲ್ಲಿ ಬಿರುಕು ಮೂಡಿದರೆ, ಮರಗಳು ವಾಲಿದರೆ, ಅಂಕಿಗಾಗಿ ಕಾಯಬೇಡಿ.

ನಾಲ್ಕು: ಎಲ್ಲರಿಗೂ ತಿಳಿಯುವ ಒಂದು ಸದ್ದು ನಿಶ್ಚಯವಾಗಲಿ. ಹುಟ್ಟಿಗೆ ಒಂದು, ಸಾವಿಗೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವ ಪದ್ಧತಿ ಕೊಡವ ಮನೆಗಳಲ್ಲಿದೆ. ಸದ್ದಿನ ಭಾಷೆ ನಮಗೆ ಹೊಸತಲ್ಲ. ದೇವಸ್ಥಾನದ ಗಂಟೆ, ಮಸೀದಿ ಇಗರ್ಜಿಗಳ ಧ್ವನಿವರ್ಧಕ, ಶಾಲೆಯ ಜಾಗಟೆ, ಯಾವುದಾದರೂ ಸರಿ. ಅದರ ಅರ್ಥ ಲೈನ್ ಮನೆಯ ಮಗುವಿಗೂ ಗೊತ್ತಿರಬೇಕು, ಹೋಗಬೇಕಾದ ದಿಣ್ಣೆಯ ಜಾಗವನ್ನು ಮೇ ತಿಂಗಳಲ್ಲಿಯೇ ನಡೆದು ತೋರಿಸಿರಬೇಕು.

ಹೀಗೆ ಮಾಡಿದಾಗ ಮೂರು ಸಲ ಸದ್ದು ಕೇಳಿ ಹೋಗಿ, ಏನೂ ಆಗದೆ ಹಿಂದಿರುಗುವ ಪ್ರಸಂಗ ಬಂದೇ ಬರುತ್ತದೆ. ನಾಲ್ಕನೆಯ ಸಲ ಕೆಲವರು ನಗಬಹುದು, ಕೂಲಿ ತಪ್ಪಿತೆಂದು ಬೇಸರಿಸಬಹುದು. ಆ ಕೂಲಿಯನ್ನು ತೋಟದವರೇ ಭರಿಸಲಿ. ಆ ರಾತ್ರಿಯ ಗಂಜಿಯನ್ನು ಪಂಚಾಯಿತಿ ಬೇಯಿಸಲಿ. ಜನರನ್ನು ತೆರವುಗೊಳಿಸುವ ಅಧಿಕಾರ ಜಿಲ್ಲಾಡಳಿತದ ಕೈಯಲ್ಲಿದೆ ನಿಜ. ಆದರೆ ನೆರೆಮನೆಯವನನ್ನು ಕೂಗಿ ಎಬ್ಬಿಸಲು ಆದೇಶಪತ್ರ ಬೇಕಿಲ್ಲ. ಈ ಮಳೆಗಾಲ ಹಿಡಿಯುವ ಮುನ್ನ ನಿಮ್ಮ ಗ್ರಾಮಸಭೆಯಲ್ಲಿ ಈ ನಾಲ್ಕು ವಿಷಯಗಳನ್ನು ಎತ್ತಿ. ಯಾವ ತೋಡಿಗೆ ಯಾರು ಮಳೆ ಅಳೆಯುತ್ತಾರೆ, ಯಾರು ಯಾರನ್ನು ಎಬ್ಬಿಸುತ್ತಾರೆ ಎಂಬ ಪಟ್ಟಿಯನ್ನು ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿ. ಲೈನ್ ಮನೆಗಳ ಹೆಸರು ಆ ಪಟ್ಟಿಯಲ್ಲಿ ಮೊದಲು ಇರಲಿ.