ಹೋಗಲಿ ಬಿಡಿ ಎನ್ನುವ ಮುನ್ನ

ಹಿರಿಯ ನಟ ಸತೀಶ್ ಶಾ 2025ರ ಅಕ್ಟೋಬರ್‌ನಲ್ಲಿ ನಿಧನರಾದಾಗ ಚಿತ್ರಪ್ರಿಯರು ಬಹುವಾಗಿ ನೆನೆದ ಅವರ ಪಾತ್ರಗಳಲ್ಲಿ ಒಂದು, ಅವರು ಶವವಾಗಿ ನಟಿಸಿದ ಪಾತ್ರ. 1983ರಲ್ಲಿ ತೆರೆ ಕಂಡ ‘ಜಾನೇ ಭೀ ದೋ ಯಾರೋ’ ಚಿತ್ರದ ಭ್ರಷ್ಟ ಪಾಲಿಕೆ ಕಮಿಷನರ್ ಡಿಮೆಲ್ಲೊ ಬದುಕಿದ್ದಾಗ ನಗಿಸಿದ್ದಕ್ಕಿಂತ ಸತ್ತ ಮೇಲೆ ನಗಿಸಿದ್ದೇ ಹೆಚ್ಚು. ನಾಲ್ಕು ದಶಕಗಳು ಕಳೆದರೂ ಈ ಚಿತ್ರದ ಬಗ್ಗೆ ನೋಡುಗರಲ್ಲಿ ಒಮ್ಮತವಿಲ್ಲ. ಕೆಲವರಿಗೆ ಅದು ಹೊಟ್ಟೆ ಹುಣ್ಣಾಗಿಸುವ ಹಾಸ್ಯ. ಕೆಲವರಿಗೆ ಕಾಲ ಮೀರಿದ ಗದ್ದಲ. ಇನ್ನು ಕೆಲವರಿಗೆ ನಾಡಿನ ಮೇಲಿನ ನಂಬಿಕೆಯನ್ನೇ ಕೆಡಿಸುವ ಕಹಿ. ಆಡಳಿತ ಸೇವೆಯಲ್ಲಿ ಮೂರು ದಶಕ ಕಳೆದ ನನಗೆ ಈ ಭಿನ್ನಾಭಿಪ್ರಾಯ ಚಿತ್ರದಷ್ಟೇ ಕುತೂಹಲಕರವಾಗಿ ತೋರುತ್ತದೆ. ಏಕೆಂದರೆ ಈ ವಾದದಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ.

ಮೊದಲು ಚಿತ್ರದ ಹಿನ್ನೆಲೆಯನ್ನು ಸ್ಥೂಲವಾಗಿ ಹೇಳಬೇಕು. ಕುಂದನ್ ಶಾ ಅವರಿಗೆ ಇದು ಮೊದಲ ಕಥಾಚಿತ್ರ. ಹಣ ಹೂಡಿದ್ದು ಕೇಂದ್ರ ಸರ್ಕಾರದ ಒಡೆತನದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ. ವೆಚ್ಚ 7 ಲಕ್ಷ ರೂಪಾಯಿಯ ಒಳಗೆ. ನಾಸಿರುದ್ದೀನ್ ಶಾ, ರವಿ ಬಸ್ವಾನಿ, ಪಂಕಜ್ ಕಪೂರ್, ಓಂ ಪುರಿ, ಭಕ್ತಿ ಬರ್ವೆ ಮುಂತಾದ ನಟರು ಅಲ್ಪ ಸಂಭಾವನೆಗೆ ದುಡಿದರು. ನಿರ್ಮಾಣದ ಉಸ್ತುವಾರಿ ಹೊತ್ತಿದ್ದ ವಿಧು ವಿನೋದ್ ಚೋಪ್ರಾ ಅವರೇ ದುಶ್ಶಾಸನನ ವೇಷವನ್ನೂ ಹಾಕಿದರು. ಚಿತ್ರಮಂದಿರಗಳಲ್ಲಿ ಅದು ಹೆಚ್ಚು ಓಡಲಿಲ್ಲ. ನಿರ್ದೇಶಕರ ಚೊಚ್ಚಲ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಬಂತು. ದೂರದರ್ಶನ ಮತ್ತು ವಿಡಿಯೊ ಕ್ಯಾಸೆಟ್ಟುಗಳ ಮೂಲಕ ಅದು ಮನೆಮನೆಗೆ ತಲುಪಿತು. 2012ರಲ್ಲಿ ಸಂಸ್ಕರಿಸಿದ ಪ್ರತಿ ಮತ್ತೆ ತೆರೆ ಕಂಡಿತು. ಕಮಿಷನರನನ್ನು ಲಂಚಕೋರನೆಂದು ತೋರಿಸುವ ಚಿತ್ರಕ್ಕೆ ಸರ್ಕಾರಿ ನಿಗಮವೇ ಹಣ ಕೊಟ್ಟಿತೆಂಬುದು ಆ ಕಾಲದ ಒಂದು ಔದಾರ್ಯ. ಅದನ್ನು ನಾವು ಗಮನಿಸದೆ ಇರಬಾರದು.

ಕಥೆ ಇಷ್ಟು. ವಿನೋದ್ ಮತ್ತು ಸುಧೀರ್ ಎಂಬ ಇಬ್ಬರು ಮುಗ್ಧ ಛಾಯಾಗ್ರಾಹಕರು ಮುಂಬೈಯಲ್ಲಿ ಸ್ಟುಡಿಯೊ ತೆರೆಯುತ್ತಾರೆ. ವ್ಯಾಪಾರ ಕುದುರುವುದಿಲ್ಲ. ‘ಖಬರ್ದಾರ್’ ಪತ್ರಿಕೆಯ ಸಂಪಾದಕಿ ಶೋಭಾ ಸೇನ್ ಅವರಿಗೆ ಕೆಲಸ ಕೊಡುತ್ತಾಳೆ: ತರ್ನೇಜಾ ಎಂಬ ಬಿಲ್ಡರ್ ಮತ್ತು ಕಮಿಷನರ್ ನಡುವಿನ ವ್ಯವಹಾರವನ್ನು ಬಯಲಿಗೆಳೆಯುವುದು. ಅಹುಜಾ ಎಂಬ ಪ್ರತಿಸ್ಪರ್ಧಿ ಬಿಲ್ಡರನೂ ಇದೇ ಗರಡಿಯವನೆಂದು ಆಮೇಲೆ ತಿಳಿಯುತ್ತದೆ. ಸ್ಪರ್ಧೆಯೊಂದಕ್ಕಾಗಿ ತೆಗೆದ ಚಿತ್ರವೊಂದನ್ನು ದೊಡ್ಡದು ಮಾಡಿ ನೋಡಿದಾಗ ಅದರಲ್ಲಿ ಕೊಲೆಯೊಂದು ದಾಖಲಾಗಿರುತ್ತದೆ. ಸತ್ತವನು ಕಮಿಷನರ್, ಕೊಂದವನು ತರ್ನೇಜಾ. ಸತ್ತ ಕಮಿಷನರನ ಹೆಸರಿನಲ್ಲೇ ಮೇಲುಸೇತುವೆಯ ಉದ್ಘಾಟನೆ ನಡೆಯುತ್ತದೆ. ಆತನ ಹೆಣ ಸಿಕ್ಕುವುದೂ ಅಲ್ಲೇ. ಆ ಹೆಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತ, ಕೊನೆಗೆ ದ್ರೌಪದಿಯ ವೇಷದಲ್ಲಿ ನಾಟಕದ ರಂಗಕ್ಕೇ ನುಗ್ಗುತ್ತದೆ.

ಮೊದಲ ಗುಂಪಿನ ನೋಡುಗರು ಈ ನಾಟಕದ ದೃಶ್ಯಕ್ಕೆ ಮಾರುಹೋದವರು. ಕಂಪನಿ ನಾಟಕಗಳನ್ನು ನೋಡಿ ಬೆಳೆದ ಕನ್ನಡಿಗರಿಗೆ ಹಿಂದಿ ಅಷ್ಟಾಗಿ ಬಾರದಿದ್ದರೂ ಅದು ರುಚಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ವಸ್ತ್ರಾಪಹರಣದ ಪ್ರಸಂಗ ನಮಗೆ ಬಾಯಿಪಾಠ. ಸೀರೆ ಎಳೆಸಬೇಕಾದ ದುರ್ಯೋಧನನೇ ದ್ರೌಪದಿಯ ರಕ್ಷಣೆಗೆ ನಿಂತರೆ, ಮಹಾಭಾರತದ ನಡುವೆ ಸಲೀಂ ಪ್ರವೇಶಿಸಿದರೆ, ಕುರುಡ ದೊರೆ ಧೃತರಾಷ್ಟ್ರ ಇಲ್ಲೇನು ನಡೆಯುತ್ತಿದೆ ಎಂದು ಪದೇ ಪದೇ ಕೇಳುತ್ತಿದ್ದರೆ ನಗದಿರುವುದು ಯಾರಿಗೆ ಸಾಧ್ಯ? ನನ್ನ ಪರಿಚಿತರಲ್ಲಿ ಅನೇಕರಿಗೆ ಚಿತ್ರವೆಂದರೆ ಈ ಹದಿನೈದು ನಿಮಿಷಗಳೇ. ಮುಂದೆ ಏನಾಯಿತೆಂದು ಕೇಳಿದರೆ ಅವರು ತಡವರಿಸುತ್ತಾರೆ.

ಎರಡನೆಯ ಗುಂಪಿನಲ್ಲಿ ಕಿರಿಯರು ಹೆಚ್ಚು. ಹಾಸ್ಯ ಒರಟು, ಸಂಕಲನ ಅವಸರದ್ದು, ತರ್ಕಕ್ಕೆ ಸಿಗದ ಸನ್ನಿವೇಶಗಳು ಎಂಬುದು ಅವರ ದೂರು. ಕೊರತೆಯ ಕಾಲದ, ಪರ್ಮಿಟ್ಟು ಲೈಸೆನ್ಸುಗಳ ಕಾಲದ ವ್ಯಂಗ್ಯ ಇಂದು ಯಾರಿಗೆ ಬೇಕು ಎಂದೂ ಅವರು ಕೇಳುತ್ತಾರೆ. ದೂರಿನ ಮೊದಲ ಭಾಗಕ್ಕೆ ನನ್ನ ತಕರಾರಿಲ್ಲ. ಚಿತ್ರ ಕೆಲವೆಡೆ ಜೊಳ್ಳಾಗಿದೆ, ಬಾಂಬಿನ ಪ್ರಹಸನ ಎಳೆದಂತಿದೆ. ಎರಡನೆಯ ಭಾಗವನ್ನು ಮಾತ್ರ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಪ್ಪಲಾರೆ.

ಈ ಚಿತ್ರ ಹುಟ್ಟಿದ ಮುಂಬೈಯನ್ನು ನೆನಪಿಸಿಕೊಳ್ಳೋಣ. ಅಂದು ಸಿಮೆಂಟಿಗೆ ಸರ್ಕಾರವೇ ಬೆಲೆ ಕಟ್ಟುತ್ತಿತ್ತು, ಹಂಚಿಕೆಯೂ ಸರ್ಕಾರದ್ದೇ. ನಿಗದಿತ ಬೆಲೆಗೂ ಕಾಳಸಂತೆಯ ಬೆಲೆಗೂ ಇದ್ದ ಅಂತರವೇ ಹಂಚುವ ಅಧಿಕಾರದ ಬೆಲೆಯಾಗಿತ್ತು. ಬಿಲ್ಡರ್‌ಗಳಿಗೆ ಸಿಮೆಂಟ್ ಹಂಚಿಕೆ ಮತ್ತು ಟ್ರಸ್ಟುಗಳಿಗೆ ಸಂದ ದೇಣಿಗೆ ಕುರಿತ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಬಂದ ಮೇಲೆ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ 1982ರ ಜನವರಿಯಲ್ಲಿ ರಾಜೀನಾಮೆ ನೀಡಿದರು. ಮರುತಿಂಗಳೇ ಸಿಮೆಂಟಿನ ಮೇಲಿನ ನಿಯಂತ್ರಣ ಭಾಗಶಃ ಸಡಿಲವಾಯಿತು. 1989ರಲ್ಲಿ ಪೂರ್ತಿಯಾಗಿ ಹೋಯಿತು. ಕೊರತೆಯೇ ಭ್ರಷ್ಟಾಚಾರದ ತಾಯಿ, ಕೊರತೆ ನೀಗಿದರೆ ಮಗುವೂ ಇಲ್ಲವಾಗುತ್ತದೆ ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಇಂದು ಸಿಮೆಂಟ್ ಬೇಕಾದಷ್ಟಿದೆ. ಸೇತುವೆಗಳೇಕೆ ಬೀಳುತ್ತಿವೆ? 2016ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ಕಟ್ಟುತ್ತಿದ್ದ ಮೇಲುಸೇತುವೆ ಕುಸಿಯಿತು. ಬಿಹಾರದಲ್ಲಿ ಗಂಗಾನದಿಗೆ ಕಟ್ಟುತ್ತಿದ್ದ ಅಗುವಾನಿ-ಸುಲ್ತಾನ್‌ಗಂಜ್ ಸೇತುವೆಯ ಭಾಗಗಳು 2022ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ನೀರಿಗೆ ಬಿದ್ದವು.

ಕಾರಣ ಸರಳ. ಸಾರ್ವಜನಿಕ ಕಾಮಗಾರಿಯಲ್ಲಿ ಹಣ ಕೊಡುವವನು ಪ್ರಜೆ. ಆದರೆ ಗಾರೆಯ ಒಳಗೆ ಎಷ್ಟು ಕಬ್ಬಿಣವಿದೆ, ಕಾಂಕ್ರೀಟಿನಲ್ಲಿ ಎಷ್ಟು ಮರಳಿದೆ ಎಂಬುದು ಅವನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಅವನ ಪರವಾಗಿ ನೋಡಬೇಕಾದವರು ಎಂಜಿನಿಯರು, ಲೆಕ್ಕಪರಿಶೋಧಕ, ಪತ್ರಕರ್ತ. ಬೇಲಿಯೇ ಎದ್ದು ಹೊಲ ಮೇಯ್ದರೆ ಮಾರುಕಟ್ಟೆ ಮುಕ್ತವಾಗಿದ್ದೂ ಪ್ರಯೋಜನವಿಲ್ಲ. ಚಿತ್ರದ ವ್ಯಂಗ್ಯ ನಾಟಿರುವುದು ಇಲ್ಲಿಗೆ. ಸಿಮೆಂಟಿನ ಕೊರತೆ ಆ ಕಥೆಗೆ ಒಂದು ಕಾಲದ ಬಣ್ಣ ಕೊಟ್ಟಿತು, ಅಷ್ಟೆ.

ಮೂರನೆಯ ಗುಂಪಿನ ಆಕ್ಷೇಪ ಹೆಚ್ಚು ಗಂಭೀರವಾದುದು. ಇದರಲ್ಲಿ ನನ್ನ ಸೇವಾವಧಿಯ ಸಹೋದ್ಯೋಗಿಗಳು ಹಲವರಿದ್ದಾರೆ. ಚಿತ್ರದಲ್ಲಿ ಪ್ರಾಮಾಣಿಕ ಅಧಿಕಾರಿ ಒಬ್ಬನೂ ಇಲ್ಲ. ಎಲ್ಲರೂ ಕಳ್ಳರೆಂದು ತೋರಿಸಿದರೆ ಜನ ಸರ್ಕಾರವನ್ನು ನಂಬುವುದಾದರೂ ಹೇಗೆ, ಒಳ್ಳೆಯ ಹುಡುಗರು ಆಡಳಿತ ಸೇವೆಗೆ ಬರುವುದಾದರೂ ಹೇಗೆ ಎಂದು ಅವರು ಕೇಳುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಸರ್ಕಾರಿ ಕಚೇರಿಯೆಂದರೆ ಲಂಚದ ಸಂತೆಯಷ್ಟೇ ಅಲ್ಲ. ಕಳಪೆ ಕಾಮಗಾರಿಯ ಬಿಲ್ಲಿಗೆ ಸಹಿ ಹಾಕದೆ ವರ್ಗಾವಣೆಯಾದವರನ್ನು, ಟೆಂಡರಿನ ಷರತ್ತನ್ನು ಒಬ್ಬನೇ ಗುತ್ತಿಗೆದಾರನ ಅಳತೆಗೆ ಹೊಲಿಯಲು ಒಪ್ಪದೆ ಮೂಲೆಗುಂಪಾದವರನ್ನು ನಾನು ಕಂಡಿದ್ದೇನೆ. ಅಂಥವರು ಈ ಚಿತ್ರದಲ್ಲಿ ಇಲ್ಲ ಎಂಬುದು ಅದರ ನಿಜವಾದ ಕೊರತೆ. ತರ್ನೇಜಾನಂಥವರು ಬಯಸಿದ್ದೆಲ್ಲ ಬಯಸಿದ ದಿನವೇ ಆಗುವುದಿಲ್ಲ. ಎಲ್ಲೋ ಒಂದು ಕಡತದಲ್ಲಿ ಯಾರೋ ಒಬ್ಬರು ಬರೆದ ನಾಲ್ಕು ಸಾಲಿನ ಟಿಪ್ಪಣಿ ಅವರನ್ನು ವರ್ಷಗಟ್ಟಲೆ ತಡೆದದ್ದುಂಟು.

ಇಷ್ಟು ಒಪ್ಪಿದ ಮೇಲೂ ಆ ಸಹೋದ್ಯೋಗಿಗಳಿಗೆ ನನ್ನದೊಂದು ಪ್ರಶ್ನೆ ಉಳಿಯುತ್ತದೆ. ಅಂಥ ಅಧಿಕಾರಿಯನ್ನು ಚಿತ್ರದೊಳಗೆ ತಂದಿದ್ದರೆ ಅವನ ಗತಿ ಏನಾಗುತ್ತಿತ್ತು? ಸತ್ಯೇಂದ್ರ ದುಬೆ ಅವರನ್ನು ನೆನೆಯೋಣ. ಕಾನ್ಪುರದ ಐಐಟಿಯಲ್ಲಿ ಓದಿದ ಈ ಎಂಜಿನಿಯರ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿದ್ದು, ಸುವರ್ಣ ಚತುಷ್ಪಥ ಯೋಜನೆಯ ಅವ್ಯವಹಾರಗಳ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದರು. ತಮ್ಮ ಹೆಸರನ್ನು ಗೋಪ್ಯವಾಗಿಡಬೇಕೆಂದು ಕೋರಿದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅದು ದರೋಡೆಯ ವೇಳೆ ನಡೆದ ಕೊಲೆಯೆಂದು ತನಿಖೆ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಕೊಲೆಯ ಕಾರಣ ಏನೇ ಇರಲಿ, ಗುಟ್ಟು ಕಾಯಬೇಕಾದವರು ಕಾಯಲಿಲ್ಲ ಎಂಬುದು ಉಳಿದೇ ಉಳಿಯುತ್ತದೆ. ದೂರು ಕೊಟ್ಟವರ ರಕ್ಷಣೆಗಾಗಿ 2014ರಲ್ಲಿ ಕಾಯ್ದೆಯೊಂದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ವರ್ಷಗಳು ಉರುಳಿದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲಿಲ್ಲ.

ನೋಡುಗರೆಲ್ಲ ಮರೆಯುತ್ತಾರೆ ಎಂದು ನಾನು ಆರಂಭದಲ್ಲಿ ಹೇಳಿದ ಸಂಗತಿ ಇದೇ. ಈ ಚಿತ್ರದ ಕೇಂದ್ರದಲ್ಲಿ ಇರುವುದು ಸಾಕ್ಷಿಯ ಪಾಡು. ವಿನೋದ್ ಮತ್ತು ಸುಧೀರ್ ಕಂಡದ್ದನ್ನು ಕಂಡಂತೆ ಚಿತ್ರಿಸಿದವರು. ಆ ಛಾಯಾಚಿತ್ರ ಕೈಸೇರಿದ ಒಡನೆ ಸಂಪಾದಕಿ ಮಾಡುವುದೇನು? ಅದನ್ನು ಅಚ್ಚು ಹಾಕುವುದಿಲ್ಲ, ಬಿಲ್ಡರನೊಡನೆ ಚೌಕಾಸಿಗೆ ಕೂರುತ್ತಾಳೆ. ಪ್ರಕಟವಾದರೆ ಒಂದು ದಿನದ ಸುದ್ದಿ, ಪ್ರಕಟವಾಗದಿದ್ದರೆ ತಿಂಗಳುಗಟ್ಟಲೆ ಆದಾಯ. ಹೆಣಕ್ಕೂ ಅದೇ ಬೆಲೆ. ಅದು ಯಾರ ಬಳಿ ಇದೆಯೋ ಅವರ ಮಾತು ಮೇಲು. ಎಲ್ಲರೂ ಅದರ ಹಿಂದೆ ಓಡುವುದು ಅದಕ್ಕಾಗಿ. ಕೊನೆಗೆ ಹಾವು ಮುಂಗುಸಿಗಳಂತಿದ್ದ ಇಬ್ಬರು ಬಿಲ್ಡರ್‌ಗಳು, ಸಂಪಾದಕಿ ಮತ್ತು ಹೊಸ ಅಧಿಕಾರಿ ಒಂದೇ ಮೇಜಿನ ಸುತ್ತ ರಾಜಿಯಾಗುತ್ತಾರೆ. ಒಬ್ಬೊಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿರುವುದರಿಂದಲೇ ಆ ಒಪ್ಪಂದ ಗಟ್ಟಿ. ಪೈಪೋಟಿಗಿಂತ ಕೂಟವೇ ಲಾಭ ಎಂಬ ಅರ್ಥಶಾಸ್ತ್ರದ ಪಾಠವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಟೆಂಡರಿನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯ್ದೆ ನಿಷೇಧಿಸಿದೆ. ಕೂಟದ ಗುಟ್ಟನ್ನು ಹೊರಹಾಕುವ ಪಾಲುದಾರನಿಗೆ ದಂಡದಲ್ಲಿ ರಿಯಾಯಿತಿಯನ್ನೂ ಕೊಡುತ್ತದೆ. ಒಳಗಿನ ಪಾಲುದಾರನಿಗೆ ಸಿಗುವ ಈ ಅಭಯ ಹೊರಗಿನ ಸಾಕ್ಷಿಗೆ ಸಿಕ್ಕಿಲ್ಲ.

ಸೇತುವೆ ಕುಸಿಯುತ್ತದೆ. ತಪ್ಪು ಛಾಯಾಗ್ರಾಹಕರ ತಲೆಗೆ ಬರುತ್ತದೆ. ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿತಂತೆ. ಇದು ಅತಿರೇಕ ಎನ್ನುವವರು 2022ರ ಅಕ್ಟೋಬರ್ 30ರ ಮೋರ್ಬಿ ದುರಂತವನ್ನು ನೆನಪಿಸಿಕೊಳ್ಳಲಿ. ದುರಸ್ತಿಯಾಗಿ ಆಗಷ್ಟೇ ತೆರೆದಿದ್ದ ತೂಗುಸೇತುವೆ ಹರಿದು 135 ಜನ ಸತ್ತರು. ಮರುದಿನ ಬಂಧಿತರಾದ 9 ಮಂದಿಯಲ್ಲಿ ಟಿಕೆಟ್ ಕೊಡುವ ಗುಮಾಸ್ತರೂ ಕಾವಲುಗಾರರೂ ಇದ್ದರು. ನಿರ್ವಹಣೆಯ ಹೊಣೆ ಹೊತ್ತ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ನ್ಯಾಯಾಲಯಕ್ಕೆ ಶರಣಾಗಲು 2023ರ ಜನವರಿ ಕೊನೆಯವರೆಗೆ ಕಾಯಬೇಕಾಯಿತು. ಬೆಂಗಳೂರಿನವರಿಗೆ ದೂರದ ಉದಾಹರಣೆ ಬೇಕಿಲ್ಲ. ಈ ಚಿತ್ರ ತೆರೆ ಕಂಡ 1983ರಲ್ಲೇ, ಸೆಪ್ಟೆಂಬರ್ ತಿಂಗಳಲ್ಲಿ, ಕಪಾಲಿ ಚಿತ್ರಮಂದಿರದ ಬಳಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಹಿರಿಯರ ನೆನಪಿನಲ್ಲಿ ಆ ದಿನ ಇನ್ನೂ ಇದೆ. ಅದಾದ ಮೇಲೂ ನಮ್ಮ ನಗರದಲ್ಲಿ ಕಟ್ಟಡಗಳು ಬೀಳುತ್ತಲೇ ಬಂದಿವೆ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಬಿದ್ದ ಕಟ್ಟಡದ ಅಡಿಯಲ್ಲಿ ಸಿಕ್ಕವರು ಕೂಲಿ ಕಾರ್ಮಿಕರು.

ಚಿತ್ರದ ಕೊನೆಯಲ್ಲಿ ಇಬ್ಬರೂ ಕೈದಿಗಳ ಉಡುಪಿನಲ್ಲಿ ಬೀದಿಯಲ್ಲಿ ನಡೆಯುತ್ತಾರೆ. ಒಂದು ದಿನ ಗೆದ್ದೇ ಗೆಲ್ಲುತ್ತೇವೆಂದು ಶಾಲೆಯ ಮಕ್ಕಳು ಹಾಡುವ ಆ ಗೀತೆ ಹಿನ್ನೆಲೆಯಲ್ಲಿ ಕೇಳುತ್ತದೆ. ಅವರು ನಮ್ಮತ್ತ ತಿರುಗಿ ಕತ್ತು ಕೊಯ್ಯುವ ಸನ್ನೆ ಮಾಡುತ್ತಾರೆ. ಇದು ನಿರಾಶಾವಾದ ಎಂಬುದು ಅನೇಕರ ತೀರ್ಮಾನ. ನನಗೆ ಹಾಗೆ ತೋರುವುದಿಲ್ಲ. ಆ ಇಬ್ಬರು ಕೊನೆಯವರೆಗೂ ಲಂಚ ಮುಟ್ಟಲಿಲ್ಲ, ಸುಳ್ಳು ಹೇಳಿ ಪಾರಾಗಲಿಲ್ಲ. ಸೋತದ್ದು ಅವರ ಬೆಂಬಲಕ್ಕೆ ಯಾರೂ ಇಲ್ಲದ್ದರಿಂದ. ಆ ಸನ್ನೆ ನಮ್ಮತ್ತ ತಿರುಗಿರುವುದು ಅದಕ್ಕೇ ಇರಬೇಕು.

ಚಿತ್ರದ ಹೆಸರನ್ನು ಕನ್ನಡದಲ್ಲಿ ‘ಹೋಗ್ಲಿ ಬಿಡ್ರಪ್ಪಾ’ ಎನ್ನಬಹುದು. ನಮ್ಮ ಮಧ್ಯಮವರ್ಗದ ಸಂಸಾರಗಳಲ್ಲಿ ಇಷ್ಟು ಬಳಕೆಯಾಗುವ ಮಾತು ಬೇರೊಂದಿಲ್ಲ. ಮನೆಯ ಮುಂದಿನ ರಸ್ತೆ ಮೂರು ತಿಂಗಳಿಗೆ ಕಿತ್ತುಹೋದರೂ, ಪಕ್ಕದ ನಿವೇಶನದಲ್ಲಿ ನಕ್ಷೆಗಿಂತ ಎರಡು ಮಹಡಿ ಹೆಚ್ಚು ಎದ್ದರೂ ನಾವು ಹೇಳುವುದು ಇದನ್ನೇ. ಆದ್ದರಿಂದ ಚಿತ್ರವನ್ನು ಮೆಚ್ಚುವವರೂ ಜರೆಯುವವರೂ ತಮ್ಮ ವಾದವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆಂಬುದು ನನ್ನ ಬಿನ್ನಹ. ಪ್ರತಿ ಸಾರ್ವಜನಿಕ ಕಾಮಗಾರಿಯ ಗುಣಮಟ್ಟ ಪರೀಕ್ಷೆಯ ವರದಿಯನ್ನು ಯಾರೂ ಕೇಳದೆಯೇ ಪ್ರಕಟಿಸುವ ವ್ಯವಸ್ಥೆ ಬರಲಿ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಪ್ರಕರಣದ ಆಶಯವೂ ಅದೇ. ದೂರು ಕೊಟ್ಟವರನ್ನು ಕಾಯುವ ಕಾನೂನು ಕಾಗದದಿಂದ ಕಚೇರಿಗೆ ಇಳಿಯಲಿ. ಸೇತುವೆ ಬಿದ್ದಾಗ ಮೊದಲ ಬಂಧನ ಕಾವಲುಗಾರನದ್ದಾದರೆ, ಬಿಲ್ಲಿಗೆ ಸಹಿ ಹಾಕಿದವರು ಯಾರೆಂದು ನಾವು ಗಟ್ಟಿಯಾಗಿ ಕೇಳೋಣ. ದ್ರೌಪದಿಯ ವೇಷದ ಹೆಣವನ್ನು ನೋಡಿ ನಗುವ ಹಕ್ಕು ಎಲ್ಲರಿಗೂ ಇದೆ. ಆ ಹೆಣ ಸಿಕ್ಕ ಸೇತುವೆಯ ಮೇಲೆ ದಿನವೂ ಓಡಾಡುವವರು ನಾವು ಎಂಬುದೂ ನೆನಪಿರಲಿ.