ಕಳಿಸಿದ ಮಾತ್ರಕ್ಕೆ ತಲುಪಿತೇ?

"ಮೊಬೈಲಿಗೆ ಕಳಿಸಿದ್ದೆವಲ್ಲ, ನೀವೇ ನೋಡಿಲ್ಲ." ಈ ಮಾತು ಕೇಳದ ಹೆಂಗಸು ಈಗ ಯಾವ ಊರಿನಲ್ಲಿದ್ದಾಳೆ, ಹೇಳಿ? ಶಾಲೆಯವರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಮನೆಯ ಗಂಡಸರೂ ಹೇಳುತ್ತಾರೆ. ನನ್ನ ತಕರಾರು ಈ ಮಾತಿನ ಮೇಲೆಯೇ.

ಸುಗಟೂರಿನಲ್ಲಿರುವ ನನ್ನ ನಾದಿನಿ ಒಂದು ದಿನ ರೇಷ್ಮೆ ಸೊಪ್ಪು ಕೊಯ್ಯಲು ಹೋಗಿದ್ದಳು. ಅಲ್ಲಿ ಸಿಗ್ನಲ್ ಇಲ್ಲ. ಒಂದು ಗಂಟೆಗೆ ಮನೆಗೆ ಬಂದು, ಫೋನನ್ನು ಗೂಡಿನಲ್ಲಿಟ್ಟು ಕೆಲಸಕ್ಕೆ ತೊಡಗಿದಳು. ಮನೆಯಲ್ಲಿ ಸಿಗ್ನಲ್ ಚೆನ್ನಾಗಿಯೇ ಇತ್ತು. ಮೂರೂವರೆಗೆ ಮಗುವನ್ನು ಕರೆತರಲು ಹೊರಟು ಫೋನ್ ಎತ್ತಿಕೊಂಡಾಗ ಶಾಲೆಯ ಆ್ಯಪ್ ಟಿಣ್ ಎಂದಿತು: "ಇಂದು 12 ಗಂಟೆಗೆ ಶಾಲೆ ಬಿಡುತ್ತದೆ." ಒಂದನೇ ತರಗತಿಯ ಮಗು ಅಷ್ಟು ಹೊತ್ತೂ ಗೇಟಿನ ಬಳಿ ಕೂತಿತ್ತು. ಬೈಗುಳ ಮಾತ್ರ ತಾಯಿಗೆ. ಫೋನ್ ಸದಾ ಕೈಯಲ್ಲಿದ್ದರೂ ತಪ್ಪು, ಗೂಡಿನಲ್ಲಿಟ್ಟರೂ ತಪ್ಪು!

ನಡೆಯುವುದೇನೆಂದು ತಿಳಿದುಕೊಳ್ಳೋಣ. ಆ್ಯಂಡ್ರಾಯ್ಡ್ ಫೋನುಗಳಿಗೆ ಇಂಥ ಸೂಚನೆ ಸಾಮಾನ್ಯವಾಗಿ ಗೂಗಲ್‌ನ ಕಂಪ್ಯೂಟರುಗಳ ಮೂಲಕ ಬರುತ್ತದೆ. ಫೋನ್ ಸಂಪರ್ಕದಲ್ಲಿಲ್ಲದಿದ್ದರೆ ಅದು ಅಲ್ಲೇ ಕಾಯುತ್ತದೆ. ಕಳಿಸಿದವರು ಗಡುವು ಹಾಕದಿದ್ದರೆ ನಾಲ್ಕು ವಾರದವರೆಗೂ ಕಾಯಬಹುದು. ಸಿಗ್ನಲ್ ಮರಳಿದೊಡನೆ ಬಂದೇಬಿಡುತ್ತದೆ ಎಂಬ ಭರವಸೆಯಿಲ್ಲ. 2015ರಲ್ಲಿ ಬಂದ ಆ್ಯಂಡ್ರಾಯ್ಡ್ 6ರಿಂದೀಚೆಗೆ, ಮುಟ್ಟದೆ ಇಟ್ಟ ಫೋನ್ ಬ್ಯಾಟರಿ ಉಳಿಸಲು ತೂಕಡಿಸುತ್ತದೆ. ತುರ್ತೆಂಬ ಗುರುತಿಲ್ಲದ ಸೂಚನೆಗಳನ್ನು ನಡುನಡುವೆ ಎಚ್ಚರವಾದಾಗಲೋ, ನಾವು ಕೈಗೆತ್ತಿಕೊಂಡಾಗಲೋ ಒಳಗೆ ಬಿಟ್ಟುಕೊಳ್ಳುತ್ತದೆ.

ಬ್ಯಾಟರಿ ಉಳಿಯಲಿ, ಬೇಡವೆನ್ನುವುದಿಲ್ಲ. ಆದರೆ ತುರ್ತು ಎಂಬ ಗುರುತು ಹಾಕುವವರು ಯಾರು? ಗಡುವು ಕೊಡುವವರು ಯಾರು? ಎರಡೂ ಕಳಿಸುವವರ ಕೈಯಲ್ಲಿವೆ. ಕೀಲಿ ಅವರಲ್ಲಿ, ಅಪವಾದ ನಮಗೆ! "ಹೆಂಗಸರಿಗೆ ಫೋನ್ ಬಳಸಲು ಬಾರದು" ಎಂಬ ಒಗ್ಗರಣೆ ಬೇರೆ.

2013ರ ಜುಲೈಯಲ್ಲಿ ನಿಂತುಹೋದ ತಂತಿಯನ್ನು ನೆನೆಯಿರಿ. ಅದರಲ್ಲಿ ಕೊಟ್ಟ ವೇಳೆ ದಾಖಲಾಗುತ್ತಿತ್ತು. ತಡವಾದರೆ ಎಷ್ಟು ತಡವೆಂದು ಓದಿದವರಿಗೆ ತಿಳಿಯುತ್ತಿತ್ತು. ರಿಜಿಸ್ಟರ್ ಅಂಚೆಗೆ ಪಡೆದವರ ಸಹಿ ಬೇಕಿತ್ತು. ಕಳಿಸಿದ್ದೂ ತಲುಪಿದ್ದೂ ಬೇರೆ ಬೇರೆ ಎಂಬ ವಿವೇಕ ಆ ಕಾಲಕ್ಕಿತ್ತು. ಇಂದು ಗುಂಡಿ ಒತ್ತಿ ಕೈತೊಳೆದುಕೊಳ್ಳುವುದೇ ಜವಾಬ್ದಾರಿ ಎನಿಸಿಕೊಂಡಿದೆ.

ಮುಂದಿನ ಪೋಷಕರ ಸಭೆಯಲ್ಲಿ ನಾವು ಎದ್ದು ನಿಂತು ಕೇಳಬೇಕು: ಸೂಚನೆಯಲ್ಲಿ "ಇಂದು" ಎಂದಷ್ಟೇ ಬರೆಯಬೇಡಿ, ತಾರೀಖು, ಗಂಟೆ ಬರೆಯಿರಿ. ತುರ್ತಿನದಕ್ಕೆ ತುರ್ತಿನ ಗುರುತು ಹಾಕಿ. ಮಗುವಿನ ವಿಷಯವಾದರೆ ಫೋನ್ ಮಾಡಿ, ತಾಯಿಯ ದನಿ ಕೇಳುವ ತನಕ ಮಗುವನ್ನು ಗೇಟಿನಾಚೆ ಬಿಡಬೇಡಿ.