ತರಗತಿಯ ಮೌನಕ್ಕೆ ಎರಡು ಬೇರು

ಪಂಪನ ಪದ್ಯವನ್ನು ಬಿಡಿಸಿ ಅರ್ಥ ಬರೆಯಬಲ್ಲ ವಿದ್ಯಾರ್ಥಿಯೂ ಎದ್ದು ನಿಂತು ಎರಡು ನಿಮಿಷ ಮಾತನಾಡೆಂದರೆ ತಡವರಿಸುವುದುಂಟು. ಇದನ್ನು ಅಭ್ಯಾಸದ ಕೊರತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ವಿದ್ಯಾರ್ಥಿಯ ಮೌನಕ್ಕೆ ಎರಡು ಬೇರುಗಳಿವೆ: ಒಂದು ನುಡಿಯದು, ಇನ್ನೊಂದು ಚರಿತ್ರೆಯದು.

ಭಾಷಾ ತರಗತಿಯ ಅಳುಕನ್ನು ಕುರಿತು 1986ರಲ್ಲಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು ಬರೆದ ಲೇಖನವು ಅದರ ಮೂರು ಮುಖಗಳನ್ನು ಗುರುತಿಸಿತು: ಮಾತನಾಡುವ ಭಯ, ಪರೀಕ್ಷೆಯ ಭಯ, ಇತರರು ಹಗುರವಾಗಿ ಎಣಿಸಿಯಾರೆಂಬ ಭಯ. ಅವರ ಅಧ್ಯಯನ ಪರಭಾಷೆಯ ಕಲಿಕೆಗೆ ಸಂಬಂಧಿಸಿದ್ದು. ಗಡಿಸೀಮೆಯಲ್ಲಿ ಮನೆಮಾತೇ ಪರಭಾಷೆಯಂತಾಗುವ ವಿಪರ್ಯಾಸವಿದೆ. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. 1956ರ ನವೆಂಬರ್ 1ರ ಪುನರ್ವಿಂಗಡಣೆಯ ಬಳಿಕ ಮರಾಠಿ. ಕನ್ನಡ ಅಡುಗೆಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಉಳಿಯಿತು. ‘ಏನ್ ಮಾಡ್ಲತ್ತಿ’ ಎಂದು ಕೇಳುವ ಹುಡುಗ ತರಗತಿಯಲ್ಲಿ ‘ಏನು ಮಾಡುತ್ತಿರುವೆ’ ಎನ್ನಲು ಹೆಣಗುತ್ತಾನೆ. ‘ಜಲ್ದಿ’, ‘ಬರಾಬರ್’ ಎಂಬ ಮಾತು ಬಾಯಿಂದ ಜಾರಿದರೆ ಹಿಂದಿನ ಬೆಂಚಿನಿಂದ ನಗೆ ಏಳುತ್ತದೆ. ಆ ನಗೆಯೊಂದೇ ಒಂದು ವರ್ಷದ ಮಾತನ್ನು ಕಟ್ಟಿಹಾಕಬಲ್ಲದು.

ಕನ್ನಡದ ಮೊದಲ ಲಕ್ಷಣಗ್ರಂಥವಾದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು. ಈ ಮೂರು ಊರುಗಳೂ ಆ ಎಲ್ಲೆಯೊಳಗಿವೆ. ಕನ್ನಡಗಳು ಹಲವು ಎಂಬುದನ್ನೂ ಆ ಗ್ರಂಥ ಬಲ್ಲದು. ಹಾಗಿರುವಾಗ ಉದಗೀರದ ಕನ್ನಡವನ್ನು ಕೆಟ್ಟ ಕನ್ನಡವೆಂದು ನಗುವವರು ತಾವು ಓದುವ ಪಠ್ಯವನ್ನೇ ಓದಿಲ್ಲವೆನ್ನಬೇಕು.

ಎರಡನೆಯ ಬೇರು ಇನ್ನೂ ಆಳದ್ದು. 2022ರ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾವನ್ನು ಐದು ವರ್ಷಗಳ ಅವಧಿಗೆ ನಿಷೇಧಿಸಿತು. ಇಂಥ ವಿಷಯ ಚರ್ಚೆಗೆ ಬಂದೊಡನೆ ತರಗತಿಯ ಕಣ್ಣುಗಳೆಲ್ಲ ಒಬ್ಬಿಬ್ಬರು ಮುಸ್ಲಿಂ ವಿದ್ಯಾರ್ಥಿಗಳತ್ತ ಹೊರಳುತ್ತವೆ. ಅವರ ಮಾತು ಅಭಿಪ್ರಾಯವಾಗಿ ಉಳಿಯದೆ ನಿಷ್ಠೆಯ ಸಾಕ್ಷ್ಯವಾಗುತ್ತದೆ. ಮೌನವಾಗಿದ್ದರೆ ಮೌನವೂ ಸಾಕ್ಷ್ಯವಾಗುತ್ತದೆ. ಅತ್ತ ರಜಾಕಾರರ ಹಾವಳಿಯಲ್ಲಿ ಹಿರಿಯರನ್ನು ಕಳೆದುಕೊಂಡ ಮನೆತನದ ವಿದ್ಯಾರ್ಥಿಯೂ ಬಾಯಿಬಿಟ್ಟರೆ ಕೋಮುವಾದಿ ಎನಿಸಿಕೊಂಡೇನೆಂದು ಅಂಜುತ್ತಾನೆ.

ಈ ಎರಡೂ ಅಂಜಿಕೆಗಳಿಗೆ ಇಲ್ಲಿನ ನೆಲದಲ್ಲೇ ಕಾರಣವಿದೆ. ರಜಾಕಾರರ ನಾಯಕ ಕಾಸಿಂ ರಜ್ವಿ ಲಾತೂರಿನಲ್ಲಿ ವಕೀಲನಾಗಿದ್ದವನು. 1948ರಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯೆಯನ್ನು ಈ ಸೀಮೆ ಮರೆತಿಲ್ಲ. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ರಜಾಕಾರ ದಳ ವಿಸರ್ಜನೆಗೊಂಡಿತು. ಆದರೆ ಸೇಡು ಅಲ್ಲಿಗೇ ನಿಲ್ಲಲಿಲ್ಲ. ಪಂಡಿತ ಸುಂದರಲಾಲ್ ಸಮಿತಿಯು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್ ಜಿಲ್ಲೆಗಳನ್ನು ಅತಿ ಹೆಚ್ಚು ನೊಂದವುಗಳೆಂದು ಹೆಸರಿಸಿ, ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ದಳದಲ್ಲಿ ಇದ್ದವರ ಜೊತೆಗೆ ಇಲ್ಲದವರೂ ತಲೆ ಕೊಟ್ಟರು. ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳಿದ್ದರೆಂಬುದನ್ನೂ ಅದೇ ವರದಿ ಹೇಳುತ್ತದೆ.

ನಿಷೇಧ ಬೀಳುವುದು ಸಂಘಟನೆಯ ಮೇಲೆ, ಅದರ ಕೃತ್ಯಗಳ ಕಾರಣಕ್ಕೆ. ಅದನ್ನೂ ಹೈಕೋರ್ಟ್ ನ್ಯಾಯಾಧೀಶರ ನ್ಯಾಯಮಂಡಳಿ ಪರಿಶೀಲಿಸಬೇಕೆಂದು ಕಾನೂನು ವಿಧಿಸಿದೆ. 2022ರ ನಿಷೇಧವನ್ನು ಮರುವರ್ಷ ನ್ಯಾಯಮಂಡಳಿ ಎತ್ತಿಹಿಡಿಯಿತು. ಕಾನೂನೇ ಇಷ್ಟು ಎಚ್ಚರ ವಹಿಸುವಲ್ಲಿ ತರಗತಿ ಹುಟ್ಟನ್ನು ನೋಡಿ ತೀರ್ಪು ಕೊಡುವುದು ಸಲ್ಲದು.

ಇಂಥ ವಿಷಯ ಭಾಷಾ ತರಗತಿಗೆ ಬೇಡವೆನ್ನುವವರಿದ್ದಾರೆ. ಅವರ ಕಾಳಜಿ ಹುಸಿಯಲ್ಲ. ಆದರೆ ತರಗತಿ ಕೈಬಿಟ್ಟ ಮಾತು ಚಹದ ಅಂಗಡಿಗೂ ಮೊಬೈಲಿಗೂ ಹೋಗುತ್ತದೆ. ಅಲ್ಲಿ ಆಧಾರ ಕೇಳುವವರಿರುವುದಿಲ್ಲ. ಆರೋಪಕ್ಕೂ ತೀರ್ಪಿಗೂ, ‘ಕೆಲವರು’ ಎಂಬುದಕ್ಕೂ ‘ಅವರು’ ಎಂಬುದಕ್ಕೂ ಇರುವ ಅಂತರವನ್ನು ಕಲಿಸಬೇಕಾದುದು ಭಾಷೆಯ ಪಾಠವೇ.

ಅದಕ್ಕೆ ಕೆಲವು ಕಟ್ಟಳೆಗಳು ಸಾಕು. ಮೊದಲು ಸರ್ಕಾರದ ಆದೇಶವನ್ನೂ ಅದನ್ನು ಪ್ರಶ್ನಿಸಿದ ಬರಹವನ್ನೂ ಎಲ್ಲರೂ ಓದಬೇಕು, ಅಭಿಪ್ರಾಯ ಆಮೇಲೆ. ಮಾತು ನಾಲ್ಕು ಜನರ ಗುಂಪಿನಲ್ಲಿ, ಮನೆಯ ಕನ್ನಡದಲ್ಲಿ ಆರಂಭವಾಗಲಿ. ಗ್ರಂಥಸ್ಥ ರೂಪ ಎರಡನೆಯ ಸುತ್ತಿನಲ್ಲಿ ಬರಲಿ. ನುಡಿಯ ತಿದ್ದುಪಡಿ ಮಾತು ಮುಗಿದ ಮೇಲಿರಲಿ. ‘ನಿಮ್ಮವರು ಏನಂತಾರೆ’ ಎಂಬ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಬಾರದು. ಮಾತನಾಡದಿರುವ ಹಕ್ಕು ಎಲ್ಲರಿಗೂ ಇರಬೇಕು, ಅದಕ್ಕೆ ಅಂಕ ಕಡಿತವಾಗಬಾರದು.

ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ಸಂಪತ್ತೆಂದು ಕವಿರಾಜಮಾರ್ಗ ಬಗೆಯುತ್ತದೆ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಪಕ್ಕದ ಬೆಂಚಿನವರ ತಡವರಿಕೆಯನ್ನು ನಗದೆ ಕೇಳಿದರೆ, ಆ ಪಾಠ ಅರ್ಧ ಮುಗಿದಂತೆ. ಒಪ್ಪದ ಮಾತನ್ನೂ ಕೊನೆಯವರೆಗೆ ಕೇಳಿ ಆಧಾರ ಕೊಟ್ಟು ಉತ್ತರಿಸಿದರೆ, ಉಳಿದರ್ಧವೂ ಮುಗಿಯುತ್ತದೆ.